ಯಾವ ಕ್ಯಾಮೆರಾ ತಗೊಳ್ಲಿ ಮಾರಾಯಾ? – ಒಂದು ಉದ್ದದ ಉತ್ತರ

ಸಾಫ್ಟ್‌ವೇರ್ ಕೆಲಸದಲ್ಲಿದ್ದೀವಿ ಅಂದ ತಕ್ಷಣ ನೆಂಟರಿಷ್ಟರೆಲ್ಲ "ಯಾವ ಲ್ಯಾಪ್‌ಟಾಪ್ ಒಳ್ಳೇದು" ಅಂತ ಕೇಳೋದು ವಾಡಿಕೆ. ನನಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತೆ. ಕಾಲೇಜಿನಲ್ಲಿದ್ದಾಗ ಬಾಡಿಗೆ ಕ್ಯಾಮೆರಾ ತಂದು ಎರಡು ಮೂರು ಕಿರುಚಿತ್ರ ಮಾಡಿದ್ದೆ ಅನ್ನೋ ಒಂದೇ ಕಾರಣಕ್ಕೆ, "ಶಾರ್ಟ್ ಫಿಲಂ ಮಾಡ್ಬೇಕು ಅಂತಿದೀನಿ, ದುಡ್ಡು ಕಡಿಮೆ ಇದೆ, ಯಾವ ಕ್ಯಾಮೆರಾ ತಗೊಳ್ಲಿ ಮಾರಾಯಾ?" ಅಂತ. ಮೊನ್ನೆ ಕೇಳಿದ ಹುಡುಗನಿಗೆ ಡಿಗ್ರಿ ಇನ್ನೂ ಮುಗಿದಿಲ್ಲ. ಅಪ್ಪನ ಹೆಸರಲ್ಲಿ ಹದಿನೆಂಟು ತಿಂಗಳ ಕಂತಿನ ಮೇಲೆ ಕ್ಯಾಮೆರಾ ತಗೊಳ್ಳೋಕೆ ಹೊರಟಿದ್ದ. ಅವನಪ್ಪನದು ಒಂದು ಸಣ್ಣ ಜೆರಾಕ್ಸ್ ಅಂಗಡಿ. ಮಾಡೆಲ್ ನಂಬರ್ ಹೇಳಿಬಿಡು ಸಾಕು ಅಂದ.

ಮಾಡೆಲ್ ನಂಬರ್ ಹೇಳೋದು ಸುಲಭ. ಆದರೆ ಆರು ತಿಂಗಳಿಗೆ ಅದು ಹಳಸಿ ಹೋಗುತ್ತೆ. ಹಾಗಾಗಿ ಅವನಿಗೆ ಒಂದು ಕತೆ ಹೇಳಿದೆ. ದುಡ್ಡಿಲ್ಲದೋರು ಸಿನೆಮಾ ಮಾಡೋಕೆ ಯಾವ್ಯಾವ ಕ್ಯಾಮೆರಾ ಹಿಡಿದರು, ಅದಕ್ಕೆ ನಿಜವಾಗಿ ಎಷ್ಟು ಖರ್ಚಾಯ್ತು ಅನ್ನೋ ಕತೆ. ಅದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೀತಿದೀನಿ. ಉದ್ದ ಆಯ್ತು, ಚಹಾ ಹಿಡ್ಕೊಂಡು ಕೂತ್ಕೊಳ್ಳಿ :)

ಸಿನೆಮಾದೋರ 35 ಎಂಎಂ ರೀಲು ಮೊದಮೊದಲು ನೈಟ್ರೇಟ್ ಫಿಲ್ಮು. ಕಿಡಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳೋ ಸರಕು. ಅದನ್ನ ಮನೆಯಲ್ಲಿಟ್ಟುಕೊಳ್ಳಿ ಅಂತ ಯಾರಿಗೂ ಹೇಳೋ ಹಾಗಿರಲಿಲ್ಲ. 1923ರಲ್ಲಿ ಕೊಡಾಕ್ ಕಂಪನಿ ಹವ್ಯಾಸಿಗಳಿಗೆ ಅಂತಲೇ ಬೇಗ ಹೊತ್ತಿಕೊಳ್ಳದ 16 ಎಂಎಂ ಫಿಲ್ಮು ತಂತು. ಕ್ಯಾಮೆರಾ, ಪ್ರೊಜೆಕ್ಟರು, ಟ್ರೈಪಾಡು, ಪರದೆ, ಫಿಲ್ಮು ಅಂಟಿಸೋ ಸಾಧನ ಎಲ್ಲ ಸೇರಿ 335 ಡಾಲರ್. ಅದೇ ಹೊತ್ತಿಗೆ ಒಂದು ಹೊಸ ಫೋರ್ಡ್ ಕಾರು 550 ಡಾಲರಿಗೆ ಸಿಗ್ತಿತ್ತು! ಅಂದರೆ ಆ ಕಾಲದ "ಬಜೆಟ್ ಕ್ಯಾಮೆರಾ" ಅರ್ಧ ಕಾರಿಗಿಂತ ಹೆಚ್ಚು. ಸೆಕೆಂಡಿಗೆ ಎರಡು ಸುತ್ತಿನಂತೆ ಕೈಯಲ್ಲೇ ಹಿಡಿಕೆ ತಿರುಗಿಸಬೇಕಿತ್ತು ಬೇರೆ. ನಂತರ 1932ರಲ್ಲಿ 8 ಎಂಎಂ ಬಂತು, 16ರ ಪಟ್ಟಿಯನ್ನೇ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಓಡಿಸಿ ಆಮೇಲೆ ಮಧ್ಯಕ್ಕೆ ಸೀಳೋದು. ಜುಗ್ಗತನದಲ್ಲೂ ಒಂದು ಜಾಣತನ ಇದೆ ಅನ್ಸುತ್ತೆ ನನಗೆ. 1965ರಲ್ಲಿ ಬಂದ ಸೂಪರ್ 8ರಲ್ಲಿ ರೀಲು ಸುತ್ತೋ ರಗಳೆಯೂ ಇಲ್ಲ, ಕ್ಯಾಸೆಟ್ಟಿನ ಥರ ಒಂದು ಡಬ್ಬಿ ತುರುಕಿದರೆ ಆಯ್ತು.

ಸ್ಟೀವನ್ ಸ್ಪೀಲ್‌ಬರ್ಗ್ ಹದಿಹರೆಯದಲ್ಲಿ, 1964ರಲ್ಲಿ, 'ಫೈರ್‌ಲೈಟ್' ಅಂತ ಒಂದು ಪೂರ್ಣಪ್ರಮಾಣದ ಚಿತ್ರ ಮಾಡಿದ್ದು 8 ಎಂಎಂನಲ್ಲೇ. ಖರ್ಚು ಸುಮಾರು 500 ಡಾಲರು. ಊರಿನ ಥಿಯೇಟರಿನಲ್ಲಿ ಒಂದೇ ಒಂದು ಪ್ರದರ್ಶನ, ಲಾಭ ಒಂದು ಡಾಲರು ಅಂತ ಅವನೇ ಹೇಳ್ಕೊಂಡಿದ್ದಾನೆ.

ಆದರೆ ಫಿಲ್ಮಿನ ಕಾಲದಲ್ಲಿ ಕ್ಯಾಮೆರಾದ ಬೆಲೆ ನಿಜವಾದ ಸಮಸ್ಯೆ ಆಗಿರಲಿಲ್ಲ. ಸ್ವಲ್ಪ ಲೆಕ್ಕ ಮಾಡೋಣ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ). 16 ಎಂಎಂ ಫಿಲ್ಮಿನ ಒಂದು ಅಡಿಗೆ 40 ಚಿತ್ರಗಳು. ಸೆಕೆಂಡಿಗೆ 24 ಚಿತ್ರ ಅಂದರೆ ನಿಮಿಷಕ್ಕೆ 36 ಅಡಿ. ನೂರು ಅಡಿಯ ಒಂದು ಸುರುಳಿ ಎರಡು ನಿಮಿಷ 46 ಸೆಕೆಂಡಿಗೆ ಖಾಲಿ! ತೊಂಬತ್ತು ನಿಮಿಷದ ಚಿತ್ರಕ್ಕೆ, ಒಂದೇ ಒಂದು ಶಾಟೂ ಕೆಡದೇ ಇದ್ದರೂ, ಅಂಥ 33 ಸುರುಳಿ ಬೇಕು. ಅದನ್ನ ಕೊಳ್ಳಬೇಕು, ಲ್ಯಾಬಿಗೆ ಕೊಟ್ಟು ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಕ್ಯಾಮೆರಾವನ್ನ ಯಾರದಾದರೂ ಕೈಕಾಲು ಹಿಡಿದು ಎರವಲು ತರಬಹುದು, ರೀಲನ್ನ ಎರವಲು ತರೋಕಾಗುತ್ತಾ? ನಟ ಒಂದು ಮಾತು ತಡವರಿಸಿದರೆ ನಿರ್ದೇಶಕನ ಎದೆಯಲ್ಲಿ ಮೀಟರ್ ಓಡ್ತಿತ್ತು, ಆಟೋ ಮೀಟರಿನ ಥರ.

ಈ ಮೀಟರನ್ನ ಸೋಲಿಸಿದೋನು ರಾಬರ್ಟ್ ರೊಡ್ರಿಗಸ್. ಇವನ 'ಎಲ್ ಮಾರಿಯಾಚಿ' ಕತೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಟೆಕ್ಸಾಸಿನ ಹುಡುಗ, ಗಡಿಯಾಚೆ ಮೆಕ್ಸಿಕೋದ ಸಿಯುದಾದ್ ಅಕುನ್ಯ ಅನ್ನೋ ಊರಲ್ಲಿ 1991ರಲ್ಲಿ ಶೂಟಿಂಗ್ ಮಾಡಿದ. ಒಟ್ಟು ಖರ್ಚು ಏಳು ಸಾವಿರ ಡಾಲರ್ ಚಿಲ್ಲರೆ. ಅದರಲ್ಲಿ ಒಂದಿಷ್ಟು ದುಡ್ಡು ಬಂದಿದ್ದು ಔಷಧ ಪರೀಕ್ಷೆಗೆ ತನ್ನ ಮೈಯನ್ನೇ ಒಡ್ಡಿ. ಹೊಸ ಮಾತ್ರೆ ನುಂಗಿಸಿ ಏನಾಗುತ್ತೆ ಅಂತ ನೋಡ್ತಾರಲ್ಲ, ಅಂಥ ಕಡೆ ಹೋಗಿ ಮಲಗಿ, ಅಲ್ಲೇ ಕೂತು ಚಿತ್ರಕತೆ ಬರೆದ. ಕ್ಯಾಮೆರಾ ಎರವಲಿಗೆ ತಂದ ಒಂದು ಆರಿಫ್ಲೆಕ್ಸ್ 16 ಎಸ್. ಅದು ಹೊಲಿಗೆ ಮಷೀನಿನ ಥರ ಸದ್ದು ಮಾಡೋ ಕ್ಯಾಮೆರಾ. ಓಡ್ತಿರುವಾಗ ಪಕ್ಕದಲ್ಲಿ ಧ್ವನಿ ಮುದ್ರಿಸಿಕೊಳ್ಳೋ ಮಾತೇ ಇಲ್ಲ.

ಅದಕ್ಕೆ ಅವನು ಕಂಡುಕೊಂಡ ಉಪಾಯ ನೋಡಿ. ಮೊದಲು ಶಾಟ್ ತೆಗೆಯೋದು, ಕ್ಯಾಮೆರಾ ನಿಲ್ಲಿಸೋದು, ಆಮೇಲೆ ನಟರ ಬಾಯಿಯ ಹತ್ತಿರ ಮೈಕ್ ಹಿಡಿದು ಅದೇ ಮಾತುಗಳನ್ನ ಇನ್ನೊಂದು ಸಲ ಹೇಳಿಸಿ ಟೇಪಿಗೆ ತುಂಬೋದು. ನಂತರ ಕೂತು ತುಟಿಗೆ ಮಾತು ಜೋಡಿಸೋದು. ಎಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತೋ ಅಲ್ಲಿ ಪಟ್ ಅಂತ ಬೇರೆ ಶಾಟಿಗೆ ಕತ್ತರಿಸಿಬಿಡೋದು. ಆ ಚಿತ್ರದ ಚುರುಕು ಎಡಿಟಿಂಗನ್ನ ಎಲ್ಲರೂ ಹೊಗಳಿದರು. ಅದರಲ್ಲಿ ದೊಡ್ಡ ಪಾಲು ಈ ತೇಪೆ ಕೆಲಸದಿಂದ ಹುಟ್ಟಿದ್ದು. ಟ್ರಾಲಿಗೆ ದುಡ್ಡಿಲ್ಲ ಅಂತ ಗಾಲಿಕುರ್ಚಿಯ ಮೇಲೆ ಕೂತು ಶೂಟ್ ಮಾಡಿದ. ಬಹುತೇಕ ಎಲ್ಲಾ ಶಾಟ್ ಒಂದೇ ಟೇಕ್.

ಇಲ್ಲೀವರೆಗೂ ಕೇಳಿ ನನ್ನ ಹುಡುಗ "ಸೂಪರ್ ಬ್ರೋ" ಅಂದ. ಆದರೆ ಕತೆಯ ಇನ್ನರ್ಧವನ್ನ ಯಾರೂ ಹೇಳಲ್ಲ. ಕೊಲಂಬಿಯಾ ಪಿಕ್ಚರ್ಸ್ ಈ ಚಿತ್ರ ಕೊಂಡು 1993ರಲ್ಲಿ ಬಿಡುಗಡೆ ಮಾಡೋ ಮುಂಚೆ, 16ನ್ನ 35 ಎಂಎಂಗೆ ಹಿಗ್ಗಿಸೋಕೆ, ಧ್ವನಿ ಸರಿಪಡಿಸೋಕೆ, ಪ್ರಚಾರಕ್ಕೆ ಸುರಿದ ದುಡ್ಡು ಆ ಏಳು ಸಾವಿರದ ಎಷ್ಟೋ ಪಟ್ಟು. ಥಿಯೇಟರಿನಲ್ಲಿ ಜನ ನೋಡಿದ್ದು ಏಳು ಸಾವಿರದ ಚಿತ್ರ ಅಲ್ಲ. ಏಳು ಸಾವಿರ ಅನ್ನೋದು ಆ ಕಂಪನಿಯ ಜಾಹೀರಾತಿಗೆ ಒಳ್ಳೇ ಸಾಲು ಆಯ್ತು, ಅಷ್ಟೇ. ಅಗ್ಗದ ಸಿನೆಮಾಗಳ ಕತೆ ಕೇಳಿದಾಗೆಲ್ಲ ನಾನು ಈಗ "ಆಮೇಲೆ ಎಷ್ಟಾಯ್ತು?" ಅಂತ ಕೇಳೋಕೆ ಶುರು ಮಾಡಿದೀನಿ.

ನನಗೆ ರೊಡ್ರಿಗಸ್‌ಗಿಂತ ಹತ್ತಿರದೋನು ಅನ್ನಿಸೋದು ಶೇನ್ ಕರೂತ್. ಕಾರಣ ಸಣ್ಣದು - ಅವನೂ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೋನು, ಓದಿದ್ದು ಗಣಿತ! 2004ರ ಅವನ 'ಪ್ರೈಮರ್', ಗ್ಯಾರೇಜಿನಲ್ಲಿ ಕಾಲಯಂತ್ರ ಮಾಡಿಕೊಳ್ಳೋ ಇಬ್ಬರು ಇಂಜಿನಿಯರುಗಳ ಕತೆ. ಅದೂ ಏಳು ಸಾವಿರ ಡಾಲರು, ಸೂಪರ್ 16 ಫಿಲ್ಮಿನಲ್ಲಿ. ಅಷ್ಟೊತ್ತಿಗೆ ವಿಡಿಯೋ ಕ್ಯಾಮೆರಾಗಳು ಅಗ್ಗವಾಗಿದ್ದರೂ ಅವನು ಫಿಲ್ಮನ್ನೇ ಆರಿಸಿಕೊಂಡ. ಪ್ರತಿಯೊಂದು ಶಾಟನ್ನೂ ಮೊದಲೇ ಚಿತ್ರ ಬರೆದು ಯೋಜಿಸಿ, ಬೇಕಾದಷ್ಟೇ ರೀಲು ಓಡಿಸಿದ. ಚಿತ್ರದ ಉದ್ದ 77 ನಿಮಿಷ, ತೆಗೆದ ಫಿಲ್ಮೂ ಅದಕ್ಕಿಂತ ಸ್ವಲ್ಪವೇ ಹೆಚ್ಚು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಿಸೈನ್ ಡಾಕ್ಯುಮೆಂಟ್ ಮುಗಿಸಿ, ಕೋಡ್ ಒಂದೇ ಸಲ ಬರೆದು, ಅದೇ ಪ್ರೊಡಕ್ಷನ್‌ಗೆ. ನಾನಂತೂ ಹಾಗೆ ಒಂದು ದಿನವೂ ಬರೆದಿಲ್ಲ. ಶೂಟಿಂಗ್ ಐದು ವಾರ, ಆಮೇಲೆ ಎಡಿಟಿಂಗು ಧ್ವನಿ ಸಂಗೀತ ಅಂತ ಕೂತಿದ್ದು ಎರಡು ವರ್ಷ. ಸನ್‌ಡಾನ್ಸ್ ಉತ್ಸವದ ದೊಡ್ಡ ಬಹುಮಾನ ಬಂತು. ಆ ಎರಡು ವರ್ಷ ಏಳು ಸಾವಿರದ ಲೆಕ್ಕದಲ್ಲಿ ಸೇರಿಲ್ಲ ಅನ್ನೋದು ಗಮನಿಸಿ. ನಾವೂ ಶನಿವಾರ ಭಾನುವಾರಗಳನ್ನ ಲೆಕ್ಕಕ್ಕೆ ಹಿಡಿಯಲ್ಲ ಅಲ್ವಾ.

*

ಇನ್ನು ಟೇಪಿನ ಕಾಲಕ್ಕೆ ಬರೋಣ. ಮದುವೆ ಮನೆಯಲ್ಲಿ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು, ತಲೆ ಸುಡೋ ದೀಪ ಹಿಡಿದು ಬರ್ತಿದ್ರಲ್ಲ ವಿಡಿಯೋದವರು, ಆ ವಿಎಚ್‌ಎಸ್. ರೀಲಿನ ಮೀಟರು ಇಲ್ಲಿ ನಿಂತುಹೋಯ್ತು, ಟೇಪು ಅಗ್ಗ, ಅಳಿಸಿ ಮತ್ತೆ ಬಳಸಬಹುದು. ಆದರೆ ಎಡಿಟಿಂಗ್ ಅಂದರೆ ಒಂದು ವಿಸಿಆರ್‌ನಿಂದ ಇನ್ನೊಂದಕ್ಕೆ ನಕಲು ಮಾಡೋದು, ಪ್ರತೀ ನಕಲಿನಲ್ಲೂ ಚಿತ್ರ ಮಸುಕು. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು ನೋಡಿದೀರಲ್ಲ, ಹಾಗೆ.

ಈ ವಿಎಚ್‌ಎಸ್ ಇಟ್ಟುಕೊಂಡೇ ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ಒಂದು ಚಿತ್ರೋದ್ಯಮವೇ ಹುಟ್ಟಿತು. ನಾಸಿಕ್ ಜಿಲ್ಲೆಯ ಪವರ್‌ಲೂಮ್ ಊರು, ಮಗ್ಗಗಳಿಗೆ ಶುಕ್ರವಾರ ರಜೆ. ಅಲ್ಲಿ ವಿಡಿಯೋ ಪಾರ್ಲರ್ ನಡೆಸ್ತಿದ್ದ ನಾಸಿರ್ ಶೇಖ್ ಅನ್ನೋರು ಊರಿನೋರನ್ನೇ ಹಾಕಿಕೊಂಡು 'ಮಾಲೆಗಾಂವ್ ಕೆ ಶೋಲೆ' ಮಾಡಿದರು, 2000ದಲ್ಲಿ, ಸುಮಾರು ಐವತ್ತು ಸಾವಿರ ರೂಪಾಯಲ್ಲಿ. ಡಾಲಿ ಬೇಕಾದಾಗ ಸೈಕಲ್ಲು, ಕ್ರೇನ್ ಬೇಕಾದಾಗ ಎತ್ತಿನಗಾಡಿ. ಎತ್ತಿನಗಾಡಿಯ ಮೂಕಿ ಎತ್ತಿದರೆ ಕ್ರೇನು! ಊರಿನ ಪಾರ್ಲರುಗಳಲ್ಲಿ ಜನ ಮುಗಿಬಿದ್ದು ನೋಡಿದರು. ಫೈಜಾ ಅಹ್ಮದ್ ಖಾನ್ ಮಾಡಿದ 'ಸೂಪರ್‌ಮೆನ್ ಆಫ್ ಮಾಲೆಗಾಂವ್' (2008) ಅನ್ನೋ ಸಾಕ್ಷ್ಯಚಿತ್ರದಲ್ಲಿ ಇವರೆಲ್ಲ ಸಿಗ್ತಾರೆ. ರೀಮಾ ಕಾಗ್ತಿ ಇವರ ಬಗ್ಗೆ ಮಾಡಿದ 'ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್' 2025ರಲ್ಲಿ ಥಿಯೇಟರಿಗೇ ಬಂತು. ಎರಡರಲ್ಲಿ ಒಂದನ್ನೇ ನೋಡೋದಾದರೆ ಸಾಕ್ಷ್ಯಚಿತ್ರ ನೋಡಿ. ಯಾವ ಕ್ಯಾಮೆರಾ ಅಂತ ಅಲ್ಲಿ ಯಾರೂ ಕೇಳಲ್ಲ, ಇರೋದೇ ಒಂದು.

1995ರಲ್ಲಿ ಡಿವಿ ಬಂತು. ಸೋನಿಯ ವಿಎಕ್ಸ್1000 ಕ್ಯಾಮೆರಾ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಟೇಪು, ಪಕ್ಕದಲ್ಲಿ ಫೈರ್‌ವೈರ್ ಅನ್ನೋ ಸಣ್ಣ ಕಿಂಡಿ. ಎಲ್ಲರೂ ಚಿತ್ರ ಎಷ್ಟು ಸ್ಪಷ್ಟ ಅಂತ ಮಾತಾಡಿದರು. ನನ್ನ ಪ್ರಕಾರ ಕ್ರಾಂತಿ ಆಗಿದ್ದು ಆ ಕಿಂಡಿಯಲ್ಲಿ. ಟೇಪಿನಲ್ಲಿರೋದು ಒಂದು ಸೊನ್ನೆಗಳು, ಅವು ಹಾಗೇ ಕಂಪ್ಯೂಟರಿಗೆ ಬರ್ತವೆ, ಎಷ್ಟು ಸಲ ನಕಲು ಮಾಡಿದರೂ ಒಂದು ಒಂದೇ, ಸೊನ್ನೆ ಸೊನ್ನೆಯೇ. ಸೆಕೆಂಡಿಗೆ 25 ಮೆಗಾಬಿಟ್, ಒಂದು ಗಂಟೆಗೆ ಸುಮಾರು 13 ಜಿಬಿ. ಇವತ್ತು ಅದು ಏನೂ ಅಲ್ಲ, ಆಗಿನ ಹಾರ್ಡ್‌ಡಿಸ್ಕಿಗೆ ಅದು ಕುಂಭಕರ್ಣನ ಊಟ. ಆದರೂ ಮನೆಯ ಕಂಪ್ಯೂಟರಿನಲ್ಲಿ ಸಿನೆಮಾ ಎಡಿಟ್ ಮಾಡೋದು ಸಾಧ್ಯ ಆಯ್ತು. ನಮ್ಮೋರಿಗೆ ಬರಹ, ನುಡಿ, ಯೂನಿಕೋಡ್ ಬಂದಾಗ ಆದ ಹಾಗೆ. ಸಂಪಾದಕರಿಗೆ ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯೋದು ಬಿಟ್ಟು ನಾವೇ ಬರೆದು ನಾವೇ ಹಾಕೋಕೆ ಶುರು ಮಾಡಲಿಲ್ವೇ? (ಅದರಲ್ಲಿ ಎಷ್ಟು ಕಾಳು ಎಷ್ಟು ಜೊಳ್ಳು ಅಂತ ಕೇಳಬೇಡಿ, ನನ್ನ ಬರಹವೂ ಅದರಲ್ಲೇ ಇದೆ.)

ಅದೇ 1995ರಲ್ಲಿ ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಿಯರ್, ಥಾಮಸ್ ವಿಂಟರ್‌ಬರ್ಗ್ ಸೇರಿ 'ಡಾಗ್ಮೆ 95' ಅಂತ ಒಂದು ಪ್ರತಿಜ್ಞೆ ಹೊರಡಿಸಿದರು. ಸೆಟ್ ಹಾಕಬಾರದು, ಬೇರೆ ದೀಪ ತರಬಾರದು, ಕ್ಯಾಮೆರಾ ಕೈಯಲ್ಲೇ ಇರಬೇಕು, ಹೀಗೆ. ತಮಾಷೆ ಅಂದರೆ ಆ ನಿಯಮಗಳಲ್ಲಿ ಚಿತ್ರ 35 ಎಂಎಂನಲ್ಲಿ ಇರಬೇಕು ಅಂತಲೂ ಇತ್ತು. ಅದು ಕೊನೆಯ ಪ್ರಿಂಟಿನ ಮಾತು ಅಂತ ಅರ್ಥ ಹಚ್ಚಿಕೊಂಡು, ವಿಂಟರ್‌ಬರ್ಗ್ 'ಫೆಸ್ಟೆನ್' ಚಿತ್ರವನ್ನ ಅಂಗೈಯಲ್ಲಿ ಹಿಡಿಸೋ ಸೋನಿ ಹ್ಯಾಂಡಿಕ್ಯಾಮಿನಲ್ಲಿ ತೆಗೆದ. ನಿಯಮ ಬರೆದೋರೇ ನಿಯಮಕ್ಕೆ ಕಿಂಡಿ ಕೊರೆಯೋದು ಎಲ್ಲಾ ದೇಶದಲ್ಲೂ ಇದ್ದದ್ದೇ ಬಿಡಿ. 1998ರ ಕಾನ್ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಬಹುಮಾನ. ಒಂದು ಕುಟುಂಬದ ಔತಣಕೂಟದಲ್ಲಿ ಮಗ ಎದ್ದುನಿಂತು ಅಪ್ಪನ ಬಗ್ಗೆ ಒಂದು ಭಯಂಕರ ಸತ್ಯ ಹೇಳ್ತಾನೆ. ಕ್ಯಾಮೆರಾ ಊಟದ ಮೇಜಿನ ನಡುವೆ ನೆಂಟರ ಥರ ನುಸುಳಿಕೊಂಡು ಓಡಾಡುತ್ತೆ. ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದರೆ ಆ ಉಸಿರುಗಟ್ಟೋ ಭಾವ ಬರ್ತಿರಲಿಲ್ಲ. ಅಂದರೆ ಇಲ್ಲಿ ಸಣ್ಣ ಕ್ಯಾಮೆರಾ ಬರೀ ದುಡ್ಡು ಉಳಿಸೋ ಉಪಾಯ ಆಗಿರಲಿಲ್ಲ. ಅದನ್ನ ತೆಗೆದ ಛಾಯಾಗ್ರಾಹಕ ಆಂಥೊನಿ ಡಾಡ್ ಮ್ಯಾಂಟಲ್. ಮುಂದೆ '28 ಡೇಸ್ ಲೇಟರ್' (2002) ಚಿತ್ರಕ್ಕೆ ಕೆನನ್ ಎಕ್ಸ್‌ಎಲ್1 ಹಿಡಿದೋನೂ ಅವನೇ. ಮುಂಜಾನೆ ಲಂಡನ್ನಿನ ಬೀದಿ ಖಾಲಿ ಸಿಗೋದು ಕೆಲವೇ ನಿಮಿಷ, ಆ ಹೊತ್ತಲ್ಲಿ ಹಲವು ಸಣ್ಣ ಕ್ಯಾಮೆರಾ ನಿಲ್ಲಿಸಿ ಎತ್ತಿಕೊಂಡು ಓಡಬೇಕಿತ್ತು. ಆಮೇಲೆ ಮುಂಬೈ ಗಲ್ಲಿಗಳಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ತೆಗೆದು ಆಸ್ಕರ್ ತಗೊಂಡ.

1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕಾಡಿನಲ್ಲಿ ಕಳೆದುಹೋದ ವಿದ್ಯಾರ್ಥಿಗಳು ತೆಗೆದ ವಿಡಿಯೋ ಅಂತಲೇ ಕತೆ, ನಟರ ಕೈಗೇ ಕ್ಯಾಮೆರಾ. ಚಿತ್ರ ಅಲ್ಲಾಡಿದರೂ ಮಂಕಾದರೂ ಅದು ಕತೆಯ ಭಾಗ. ಆ ಹೈ8 ಕ್ಯಾಮೆರಾವನ್ನ ಶೂಟಿಂಗ್ ಮುಗಿದ ಮೇಲೆ ಅಂಗಡಿಗೇ ವಾಪಸ್ ಕೊಟ್ಟು ದುಡ್ಡು ಇಸ್ಕೊಂಡರು ಅನ್ನೋ ಕತೆಯೂ ಇದೆ. ಕನ್ನಡದಲ್ಲಿ ಈ ಜಾಡು ಹಿಡಿದಿದ್ದು 2013ರ '6-5=2'. ಚಾರಣಕ್ಕೆ ಹೋದ ಗೆಳೆಯರು, ಕಾಡು, ಸಿಕ್ಕ ವಿಡಿಯೋ. ಆ ವರ್ಷ ನಾನು ಹೈಸ್ಕೂಲು, ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಅದು ನಿಜವಾಗಿ ನಡೆದಿದ್ದು ಅಂತ ಆಣೆ ಮಾಡ್ತಿದ್ರು.

ಡಿವಿಯಲ್ಲಿ ಒಂದು ಕೊರತೆ ಉಳಿದಿತ್ತು. ಅದರ ಚಿತ್ರ ನೋಡಿದರೆ ಸಿನೆಮಾ ಅನ್ನಿಸ್ತಿರಲಿಲ್ಲ, ದೂರದರ್ಶನದ ವಾರ್ತೆ ಅನ್ನಿಸ್ತಿತ್ತು. ಕಾರಣ, ಟಿವಿ ಪದ್ಧತಿಯಲ್ಲಿ ಚಿತ್ರವನ್ನ ಬೆಸ ಸಾಲು, ಸಮ ಸಾಲು ಅಂತ ಸೀಳಿ ಸೆಕೆಂಡಿಗೆ 50 ಅಥವಾ 60 ಸಲ ತೋರಿಸ್ತಾರೆ, ಚಲನೆ ಅತಿ ನುಣುಪಾಗಿ ಕಾಣುತ್ತೆ. ನೂರು ವರ್ಷದಿಂದ ನಮ್ಮ ಕಣ್ಣು ಸೆಕೆಂಡಿಗೆ 24ಕ್ಕೆ ಪಳಗಿಬಿಟ್ಟಿದೆ. ಅಮೆರಿಕದ ಹೊಸಬರು ಇದಕ್ಕಾಗಿ ನಮ್ಮ ಕಡೆಯ ಪಾಲ್ ಪದ್ಧತಿಯ ಕ್ಯಾಮೆರಾ ತರಿಸಿಕೊಳ್ತಿದ್ರಂತೆ, 25 ಅಂದರೆ 24ಕ್ಕೆ ಹತ್ತಿರ ಅಂತ! 2002ರಲ್ಲಿ ಪ್ಯಾನಾಸೋನಿಕ್‌ನ ಡಿವಿಎಕ್ಸ್100 ಬಂತು, ಕೈಗೆಟುಕೋ ಬೆಲೆಯಲ್ಲಿ ಮೊದಲ ಸಲ ಸೆಕೆಂಡಿಗೆ 24 ಪೂರ್ತಿ ಚಿತ್ರ. ಜೇಮ್ಸ್ ಲಾಂಗ್ಲಿ ಇದನ್ನ ಹಿಡಿದು ಯುದ್ಧದ ಇರಾಕಿನಲ್ಲಿ ಓಡಾಡಿ 'ಇರಾಕ್ ಇನ್ ಫ್ರಾಗ್ಮೆಂಟ್ಸ್' ಮಾಡಿದ. ಈಗ ನೋಡಿದರೂ ಆ ಬಣ್ಣಗಳು ಕಾಡ್ತವೆ, ಅದೂ ಇವತ್ತಿನ ಫೋನಿಗಿಂತ ಎಷ್ಟೋ ಕಡಿಮೆ ಪಿಕ್ಸೆಲ್ಲಿನಲ್ಲಿ.

ಇನ್ನೊಂದು ಹುಚ್ಚು, ಹಿನ್ನೆಲೆ ಮಸುಕಾಗಿಸೋದು. ಡಿವಿ ಕ್ಯಾಮೆರಾದ ಸೆನ್ಸರ್ ಉಗುರಿಗಿಂತ ಚಿಕ್ಕದು, ಹಾಗಾಗಿ ಮೂಗಿನಿಂದ ಹಿಡಿದು ದೂರದ ಗುಡ್ಡದ ತನಕ ಎಲ್ಲಾ ಸ್ಪಷ್ಟ. ಅದಕ್ಕೆ ಕ್ಯಾಮೆರಾ ಮುಂದೆ ಒಂದು ಉಜ್ಜಿದ ಗಾಜು ಇಟ್ಟು, ಅದರ ಮೇಲೆ ದೊಡ್ಡ ಲೆನ್ಸಿನ ಬಿಂಬ ಬೀಳಿಸಿ, ಆ ಬಿಂಬವನ್ನ ಶೂಟ್ ಮಾಡೋ ಅಡಾಪ್ಟರುಗಳು ಬಂದವು. ಗಾಜಿನ ಕಣಗಳು ಕಾಣಬಾರದು ಅಂತ ಅದನ್ನ ಗಿರಗಿರ ಅಥವಾ ಗಡಗಡ ಅಲ್ಲಾಡಿಸೋಕೆ ಒಂದು ಮೋಟರು. ಬಿಂಬ ತಲೆಕೆಳಗು ಬೇರೆ. ಬೆಳಕು ಅರ್ಧಕ್ಕರ್ಧ ಮಾಯ. ನಮ್ಮ ಮೆಕ್ಯಾನಿಕಲ್ ಹುಡುಗರ ಫೈನಲ್ ಇಯರ್ ಪ್ರಾಜೆಕ್ಟ್ ನೆನಪಾಗುತ್ತೆ :)

*

ಈ ಎಲ್ಲ ಸರ್ಕಸ್ಸನ್ನ ಒಂದೇ ಏಟಿಗೆ ಮುಗಿಸಿದ್ದು ಕೆನನ್ 5ಡಿ ಮಾರ್ಕ್ 2. 2008ರ ಸೆಪ್ಟೆಂಬರಿನಲ್ಲಿ ಘೋಷಣೆ ಆಯ್ತು. ಅದು ಫೋಟೋ ಕ್ಯಾಮೆರಾ. ಸುದ್ದಿ ಸಂಸ್ಥೆಗಳ ಫೋಟೋಗ್ರಾಫರುಗಳು ಜಾಲತಾಣಕ್ಕೆ ಒಂದಿಷ್ಟು ವಿಡಿಯೋ ತುಣುಕೂ ಬೇಕು ಅಂತ ಕೇಳಿದ್ದಕ್ಕೆ ಸೇರಿಸಿದ ಸೌಲಭ್ಯ. (ಒಂದು ತಿಂಗಳ ಮುಂಚೆಯೇ ನಿಕಾನ್ ಡಿ90 ವಿಡಿಯೋ ತಂದಿತ್ತು, ಸಣ್ಣ ಅಳತೆಯಲ್ಲಿ.) ವಿನ್ಸೆಂಟ್ ಲಾಫೊರೆ ಅನ್ನೋ ಫೋಟೋಗ್ರಾಫರ್ ವಾರಾಂತ್ಯಕ್ಕೆ ಅಂತ ಆ ಕ್ಯಾಮೆರಾ ಎರವಲು ತಂದು ನ್ಯೂಯಾರ್ಕಿನ ರಾತ್ರಿಯಲ್ಲಿ 'ರೆವೆರಿ' ಅಂತ ಒಂದು ಪುಟ್ಟ ಚಿತ್ರ ತೆಗೆದು ಜಾಲಕ್ಕೆ ಹಾಕಿದ. ಸಿನೆಮಾ ಫಿಲ್ಮಿನ ಚೌಕಟ್ಟಿಗಿಂತ ದೊಡ್ಡ ಸೆನ್ಸರು, 2,700 ಡಾಲರಿಗೆ. ಜಗತ್ತಿನ ಹೊಸಬರೆಲ್ಲ ಹುಚ್ಚೆದ್ದು ಹೋದರು. 2010ರಲ್ಲಿ 'ಹೌಸ್' ಧಾರಾವಾಹಿಯ ಆ ವರ್ಷದ ಕೊನೆಯ ಕಂತನ್ನೇ ಇದರಲ್ಲಿ ತೆಗೆದರು.

ಆದರೆ ಒಳಗೆ ಇಣುಕಿದರೆ ಇಂಜಿನಿಯರಿಗೆ ನಗು ಬರುತ್ತೆ. ಸೆನ್ಸರಿನಲ್ಲಿ ವಿಡಿಯೋಗೆ ಬೇಕಾದ ಅಗಲ-ಎತ್ತರಕ್ಕೆ ಸುಮಾರು 3,150 ಸಾಲುಗಳಿವೆ, ಬೇಕಾಗಿರೋದು 1,080. ಎಲ್ಲವನ್ನೂ ಓದಿ ಕುಗ್ಗಿಸೋಕೆ ಆ ಚಿಪ್ಪಿಗೆ ತಾಕತ್ತಿಲ್ಲ. ಹಾಗಾಗಿ ಮೂರಕ್ಕೊಂದು ಸಾಲು ಓದಿ ಉಳಿದದ್ದು ಬಿಟ್ಟುಬಿಡೋದು! ಚೌಕಳಿ ಅಂಗಿ ಅಥವಾ ನಮ್ಮ ಕಡೆಯ ಹೆಂಚಿನ ಮಾಡು ತೆಗೆದರೆ ಕಾಮನಬಿಲ್ಲಿನ ಅಲೆಗಳು ಕುಣೀತಿದ್ವು. ಬೇಗ ತಿರುಗಿಸಿದರೆ ಕಂಬಗಳು ವಾಲ್ತಿದ್ವು. ಫೈಲು 4 ಜಿಬಿ ದಾಟೋ ಹಾಗಿಲ್ಲ, ಅಂದರೆ ಹನ್ನೆರಡು ನಿಮಿಷಕ್ಕೆ ಶೂಟಿಂಗ್ ತಾನೇ ನಿಲ್ಲುತ್ತೆ. ಸೆಕೆಂಡಿಗೆ 30 ಮಾತ್ರ, 24 ಇಲ್ಲ. ಮೊದಮೊದಲು ಬೆಳಕನ್ನ ಕೈಯಾರೆ ಹೊಂದಿಸೋಕೂ ಆಗ್ತಿರಲಿಲ್ಲ, ಅದು ಬಂದಿದ್ದು 2009ರ ಜೂನ್‌ನಲ್ಲಿ, 24 ಬಂದಿದ್ದು 2010ರ ಮಾರ್ಚಿನಲ್ಲಿ, ಎರಡೂ ಫರ್ಮ್‌ವೇರ್ ಅಪ್‌ಡೇಟ್. ಧ್ವನಿ ಕೇಳಿಸಿಕೊಳ್ಳೋಕೆ ಹೆಡ್‌ಫೋನ್ ಕಿಂಡಿಯೇ ಇಲ್ಲ.

ನನಗೆ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ಅಧ್ಯಾಯ ಇಲ್ಲೇ ಇರೋದು. ಕಂಪನಿ ಕೊಡದ್ದನ್ನ ಬಳಕೆದಾರರೇ ಬರೆದುಕೊಂಡರು. ಟ್ರಾಮೆಲ್ ಹಡ್ಸನ್ ಅನ್ನೋರು 2009ರಲ್ಲಿ 5ಡಿ ಮಾರ್ಕ್ 2ರ ಫರ್ಮ್‌ವೇರ್ ಬಿಚ್ಚಿ ನೋಡಿ 'ಮ್ಯಾಜಿಕ್ ಲ್ಯಾಂಟರ್ನ್' ಶುರು ಮಾಡಿದರು. ಮೆಮೊರಿ ಕಾರ್ಡಿನಿಂದ ಓಡೋ ಉಚಿತ ತಂತ್ರಾಂಶ. ಧ್ವನಿಯ ಮಟ್ಟ ತೋರಿಸೋ ಪಟ್ಟಿ, ಬೆಳಕು ಹೆಚ್ಚಾದ ಕಡೆ ಪಟ್ಟೆಪಟ್ಟೆ ಎಚ್ಚರಿಕೆ, ಹೀಗೆ ದೊಡ್ಡ ಕ್ಯಾಮೆರಾಗಳಲ್ಲಿ ಮಾತ್ರ ಇದ್ದದ್ದೆಲ್ಲ ಬಂತು. 2013ರಲ್ಲಂತೂ ಸೆನ್ಸರಿನಿಂದ ಹಸಿ ದತ್ತಾಂಶವನ್ನೇ ವಿಡಿಯೋವಾಗಿ ಉಳಿಸೋ ಹಾಗೆ ಮಾಡಿದರು, ಐದು ವರ್ಷ ಹಳೆಯ ಕ್ಯಾಮೆರಾದಲ್ಲಿ! ಅತ್ತ ಪ್ಯಾನಾಸೋನಿಕ್‌ನ ಜಿಎಚ್1, ಜಿಎಚ್2 ಕ್ಯಾಮೆರಾಗಳ ಬಿಟ್‌ರೇಟನ್ನೂ ಇದೇ ಥರ ಹ್ಯಾಕ್ ಮಾಡಿ ಹೆಚ್ಚಿಸಿದರು. ನಮ್ಮ ಶೇನ್ ಕರೂತ್ ಎರಡನೇ ಚಿತ್ರ 'ಅಪ್‌ಸ್ಟ್ರೀಮ್ ಕಲರ್' (2013) ತೆಗೆದಿದ್ದು ಜಿಎಚ್2ರಲ್ಲೇ. ಹಾರ್ಡ್‌ವೇರಿನಲ್ಲಿ ಇರೋ ಶಕ್ತಿಯನ್ನ ತಂತ್ರಾಂಶದಲ್ಲಿ ಕಟ್ಟಿಹಾಕಿ, ಮುಂದಿನ ವರ್ಷದ ಮಾಡೆಲ್ಲಿನಲ್ಲಿ ಒಂದು ಗಂಟು ಬಿಚ್ಚಿ ಮಾರೋದು ಹೇಗೆ ಅಂತ ನಮಗೆ, ಈ ಕಸುಬಿನೋರಿಗೆ, ಚೆನ್ನಾಗಿ ಗೊತ್ತು. ಹಾಗಾಗಿ "ಹೊಸ ಮಾಡೆಲ್" ಅನ್ನೋ ಮಾತಿಗೆ ಕಂತು ಕಟ್ಟೋ ಮುಂಚೆ ಎರಡು ಸಲ ಯೋಚಿಸಿ.

ನಮ್ಮಲ್ಲಿ 2010ರ ಕೆನನ್ 550ಡಿ ಮತ್ತು ಅದರ ತಮ್ಮಂದಿರು ಇದೇ ಕೆಲಸವನ್ನ ಅಗ್ಗದಲ್ಲಿ ಮಾಡಿದವು. ಅದೇ ಕಾಲಕ್ಕೆ ಕನ್ನಡದಲ್ಲಿ ಆದ ದೊಡ್ಡ ಬದಲಾವಣೆ ಕ್ಯಾಮೆರಾಕ್ಕಿಂತ ದುಡ್ಡಿನ ದಾರಿಗೆ ಸಂಬಂಧಪಟ್ಟಿದ್ದು. ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಬರೆದ ಒಂದು ಸಿಟ್ಟಿನ ಬರಹದಿಂದ ಶುರುವಾಗಿ, ಜನರೇ ದುಡ್ಡು ಹಾಕಿ, 2013ರಲ್ಲಿ 'ಲೂಸಿಯಾ' ಬಂತು. ಒಂದು ಬ್ಲಾಗ್ ಪೋಸ್ಟಿನಿಂದ ಸಿನೆಮಾ! ನಮ್ಮ ಪೋಸ್ಟುಗಳಿಗೆ ನಾಲ್ಕು ಕಮೆಂಟು ಬಂದರೆ ಹಬ್ಬ.

ಫೋನಿನ ಕತೆ ಚಿಕ್ಕದಾಗಿ ಹೇಳಿ ಮುಗಿಸ್ತೀನಿ, ಯಾಕಂದರೆ ಅದರ ಅರ್ಧ ಜಾಹೀರಾತು. ಶಾನ್ ಬೇಕರ್‌ನ 'ಟ್ಯಾಂಜರೀನ್' (2015) ಐಫೋನ್ 5ಎಸ್‌ನಲ್ಲಿ ತೆಗೆದಿದ್ದು ನಿಜ. ಆದರೆ ಫೋನಿನ ಮುಂದೆ ಅಗಲ ಪರದೆಯ ವಿಶೇಷ ಲೆನ್ಸು, ಕೈಯಲ್ಲಿ ಸಣ್ಣ ಸ್ಟೆಡಿಕ್ಯಾಮು, ಫೋಕಸ್ಸು ಬೆಳಕನ್ನ ಹಿಡಿದಿಡೋ ಒಂದು ಆಪು, ಧ್ವನಿಗೆ ಬೇರೆಯೇ ಒಳ್ಳೆಯ ಮೈಕು. ಒಟ್ಟು ಖರ್ಚು ಸುಮಾರು ಒಂದು ಲಕ್ಷ ಡಾಲರು. ಅದೇ ಬೇಕರ್ ಕೈಯಲ್ಲಿ ದುಡ್ಡು ಬಂದಾಗ 'ಅನೋರಾ' (2024) ತೆಗೆದಿದ್ದು 35 ಎಂಎಂ ಫಿಲ್ಮಿನಲ್ಲಿ. ಅದಕ್ಕೆ 2025ರಲ್ಲಿ ಒಬ್ಬನೇ ನಾಲ್ಕು ಆಸ್ಕರ್ ಹೊತ್ತುಕೊಂಡು ಹೋದ.

ಹಾಗಾದರೆ ದುಡ್ಡು ಎಲ್ಲಿ ಹಾಕೋದು ಅಂತ ನನ್ನ ಹುಡುಗ ಕೇಳಿದ. ಬೆಳಕಿಗೆ ದುಡ್ಡಿಗಿಂತ ತಲೆ ಹೆಚ್ಚು ಬೇಕು. 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನ ಸೀಳಿಕೊಂಡು ಬರೋ ಆ ಬೆಳಕಿನ ಕೋಲು ನೋಡಿದೀರಾ? ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಅದನ್ನ ಮಾಡಿದ್ದು ಎರಡು ಕನ್ನಡಿಯಲ್ಲಿ. ಹೊರಗಿನ ಬಿಸಿಲನ್ನ ಒಂದು ಕನ್ನಡಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಒಳಕ್ಕೆ. ಅವರು ಛಾಯಾಗ್ರಹಣ ಕಲಿತಿದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಆದರು. ಅತ್ತ ಸುಬ್ರತ ಮಿತ್ರ, ಸಿನೆಮಾ ಕ್ಯಾಮೆರಾ ನಡೆಸಿದ ಅನುಭವವೇ ಇಲ್ಲದೆ 'ಪಥೇರ್ ಪಾಂಚಾಲಿ'ಗೆ ಬಂದೋರು, 'ಅಪರಾಜಿತೊ' (1956) ಹೊತ್ತಿಗೆ ಬಿಳಿ ಬಟ್ಟೆ ಕಟ್ಟಿ ದೀಪವನ್ನ ಅದರ ಮೇಲೆ ಬಡಿದು ವಾಪಸ್ ಬರೋ ಮೆತ್ತನೆ ಬೆಳಕಿನಲ್ಲಿ ಅಂಗಳ ತೋರಿಸಿದರು. ಕನ್ನಡಿ, ಪಂಚೆ. ಇವೆರಡೂ ಎಲ್ಲರ ಮನೆಯಲ್ಲಿವೆ.

ಧ್ವನಿಗೆ ಮಾತ್ರ ದುಡ್ಡು ಹಾಕಲೇಬೇಕು ಅಂತ ನಾನು ಹಠ ಹಿಡಿಯೋದಕ್ಕೆ ಒಂದು ಕಾರಣ ಇದೆ. 2003ರಲ್ಲಿ ನಮ್ಮ ಮಾವ ಒಂದು ಮಿನಿ ಡಿವಿ ಹ್ಯಾಂಡಿಕ್ಯಾಮ್ ತಂದಿದ್ದರು. ಅಜ್ಜನನ್ನ ಜಗುಲಿಯಲ್ಲಿ ಕೂರಿಸಿ, ಹಳೇ ಕತೆ ಹೇಳಿ ಅಂತ ಒಂದು ಟೇಪು ಪೂರ್ತಿ ತೆಗೆದರು. ಮಾರನೇ ವರ್ಷ ಅಜ್ಜ ಹೋಗಿಬಿಟ್ಟರು. ಆ ಟೇಪು ಇಪ್ಪತ್ತು ವರ್ಷ ಗೋದ್ರೇಜ್ ಬೀರುವಿನಲ್ಲಿ, ನ್ಯಾಫ್ತಲೀನ್ ಗುಳಿಗೆಗಳ ಜೊತೆ. ಹ್ಯಾಂಡಿಕ್ಯಾಮ್ ಯಾವಾಗಲೋ ಕೆಟ್ಟಿತ್ತು. ಈಗಿನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಕಿಂಡಿಯೂ ಇಲ್ಲ. ಹೋದ ವರ್ಷ ಊರಿನ ಮದುವೆ ಸ್ಟುಡಿಯೋದೋರೊಬ್ಬರ ಅಟ್ಟದಲ್ಲಿ ಓಡೋ ಸ್ಥಿತಿಯ ಕ್ಯಾಮೆರಾ ಸಿಕ್ಕಿತು. ಗುಜರಿಯಿಂದ ಒಂದು ಹಳೇ ಡೆಸ್ಕ್‌ಟಾಪು, ಅದಕ್ಕೊಂದು ಫೈರ್‌ವೈರ್ ಕಾರ್ಡು, ಎರಡು ರಾತ್ರಿ ನಿದ್ದೆಗೆಟ್ಟು ಐವತ್ತೆಂಟು ನಿಮಿಷ ಇಳಿಸಿಕೊಂಡೆ. ಅಲ್ಲಲ್ಲಿ ಚೌಕ ಚೌಕವಾಗಿ ಒಡೆದದ್ದು ಬಿಟ್ಟರೆ ಚಿತ್ರ ಪರವಾಗಿಲ್ಲ. ಅಜ್ಜನ ಎಡಗೈ ಬೆರಳು ಅಡಿಕೆ ತಿರುಗಿಸ್ತಾ ಇರೋದು ಕೂಡ ಕಾಣುತ್ತೆ. ಆದರೆ ಮೈಕು ಕ್ಯಾಮೆರಾದ ಮೇಲಿತ್ತು, ಕ್ಯಾಮೆರಾ ಇದ್ದದ್ದು ಅಂಗಳದ ತುದಿಯಲ್ಲಿ, ಅವತ್ತು ಸಣ್ಣ ಮಳೆ. ಹೆಂಚಿನಿಂದ ನೀರು ಬೀಳೋ ಸದ್ದು ಮುಂದೆ, ಅಜ್ಜನ ಮಾತು ಅದರ ಹಿಂದೆ.

ಸದ್ದು ಸೋಸೋ ತಂತ್ರಾಂಶಗಳೆಲ್ಲ ಹಾಕಿ ನೋಡಿದೆ. ಮಳೆ ತೆಗೆದರೆ ಮಾತೂ ತೆಳುವಾಗುತ್ತೆ. ಇಪ್ಪತ್ತೆರಡನೇ ನಿಮಿಷದಲ್ಲಿ ಅಜ್ಜ, 1962ರ ಮಳೆಗಾಲಕ್ಕೆ ಹೊಳೆ ದಾಟುವಾಗ ದೋಣಿಯಲ್ಲಿ ಯಾರೋ ಒಬ್ಬರ ಹೆಸರು ಹೇಳಿ ನಗ್ತಾರೆ. ಅಮ್ಮ ಹೆಡ್‌ಫೋನ್ ಹಾಕ್ಕೊಂಡು ಅದೊಂದನ್ನ ಹತ್ತು ಹನ್ನೆರಡು ಸಲ ಕೇಳಿದಳು. ಒಂದು ಸಲ "ಶೇಷಣ್ಣ" ಅಂದ ಹಾಗಿದೆ ಅಂದಳು, ಇನ್ನೊಂದು ಸಲ ಅಲ್ಲ ಅಂದಳು.